ಬಫರ್ ಹೆಡ್‌ನಿಂದ ಐಒಮ್ಯಾಪ್‌ಗೆ: ಯಾವುದು ಮೊದಲು, ಯಾವುದು ಆಮೇಲೆ

ಲಿನಕ್ಸಿನ ಹಳೇ ಫೈಲ್ ಸಿಸ್ಟಮ್ ಎಕ್ಸ್‌ಟಿ2 ಮಾದರಿಯ ನಿಮ್ಮ ಫೈಲ್ ಸಿಸ್ಟಮ್ ಮಾಡ್ಯೂಲನ್ನು ಬಫರ್ ಹೆಡ್‌ನಿಂದ (ಒಂದೊಂದು ಬ್ಲಾಕಿಗೂ ಒಂದು ದಾಖಲೆ ಇಡುವ ಹಳೇ ವಿಧಾನ) ಐಒಮ್ಯಾಪ್‌ಗೆ (ಬ್ಲಾಕ್‌ಗಳ ಸಾಲನ್ನೇ ಒಮ್ಮೆಗೆ ನಿಭಾಯಿಸುವ ಹೊಸ ವಿಧಾನ) ಒಂದೇ ಪ್ಯಾಚಿನಲ್ಲಿ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಡೇಟಾ ಕೆಟ್ಟರೆ ಯಾವ ಬದಲಾವಣೆಯಿಂದ ಅಂತ ಬೈಸೆಕ್ಟ್ ಮಾಡಲೂ (ಪ್ಯಾಚುಗಳ ಸಾಲನ್ನು ಅರ್ಧರ್ಧ ಮಾಡುತ್ತಾ ಹುಡುಕಲೂ) ಆಗುವುದಿಲ್ಲ.

ಕೋಡ್ ಮುಟ್ಟುವ ಮೊದಲು 1 ಕೆಬಿ, 4 ಕೆಬಿ ಎರಡೂ ಬ್ಲಾಕ್ ಸೈಜಿನಲ್ಲಿ ಎಫ್‌ಎಸ್‌ಟೆಸ್ಟ್ಸ್ ಎಂಬ ಫೈಲ್ ಸಿಸ್ಟಮ್ ಟೆಸ್ಟುಗಳ ಕಟ್ಟಿನ 'ಆಟೋ' ಗುಂಪು ಓಡಿಸಿ, ಈಗಲೇ ಫೇಲ್ ಆಗುತ್ತಿರುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಓದುವುದಕ್ಕಷ್ಟೇ ಸಾಕಾಗುವ ಐಒಮ್ಯಾಪ್_ಬಿಗಿನ್ (ಫೈಲಿನ ಯಾವ ಭಾಗ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಮ್ಯಾಪಿಂಗ್ ಕೊಡುವ ಫಂಕ್ಷನ್) ಬರೆದು, ಫೈಮ್ಯಾಪ್ (ಆ ಮ್ಯಾಪಿಂಗನ್ನು ಪಟ್ಟಿ ಮಾಡುವ ಕರೆ) ಮತ್ತು ಸೀಕ್_ಹೋಲ್‌ಗೆ (ಫೈಲಿನ ಖಾಲಿ ಜಾಗ ಹುಡುಕುವ ಕರೆ) ಜೋಡಿಸಿ. ಮ್ಯಾಪಿಂಗ್ ತಪ್ಪಿದ್ದರೆ ಡೇಟಾಗೆ ಪೆಟ್ಟಾಗದೆ ಇಲ್ಲೇ ಸಿಕ್ಕಿಬೀಳುತ್ತದೆ. ಮುಂದಿನದು ಡೈರೆಕ್ಟ್ ಐಒ, ಅಂದರೆ ಕ್ಯಾಶ್ ಬಿಟ್ಟು ನೇರ ಡಿಸ್ಕಿಗೆ ಓದು-ಬರಹ. ಲಿನಕ್ಸ್ 6.5ರಲ್ಲಿ ಎಕ್ಸ್‌ಟಿ2 ಅಷ್ಟನ್ನೇ ಬದಲಿಸಿತು. ಆ ಕೋಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಹೆಚ್ಚು ಜನ ಎಡವುವುದು ವಿಳಾಸದಲ್ಲಿ. ಹಳೇ ಕೋಡಿನ ಮ್ಯಾಪಿಂಗ್ ಫಂಕ್ಷನ್ ಗೆಟ್_ಬ್ಲಾಕ್ ಕೊಡುತ್ತಿದ್ದದ್ದು ಬ್ಲಾಕ್ ನಂಬರ್. ಐಒಮ್ಯಾಪ್‌ನ 'ಆಡರ್' (ಡಿಸ್ಕ್ ವಿಳಾಸ) ಬೈಟ್‌ಗಳಲ್ಲಿರಬೇಕು. ನಿಮ್ಮ ಬ್ಲಾಕ್ ನಂಬರ್ 32 ಬಿಟ್ ಆಗಿದ್ದರೆ ಮೊದಲು ಯು64ಕ್ಕೆ (64 ಬಿಟ್ ಸಂಖ್ಯೆಗೆ) ಕಾಸ್ಟ್ ಮಾಡಿ, ಆಮೇಲೆ ಬೈಟ್ ಆಗಲು ಎಡಕ್ಕೆ ಶಿಫ್ಟ್ ಮಾಡಿ. ಕಾಸ್ಟ್ ಮರೆತು 12 ಬಿಟ್ ಶಿಫ್ಟ್ ಮಾಡಿದರೆ 4 ಜಿಬಿ ಆಚೆಗಿನ ಬ್ಲಾಕ್ ಡಿಸ್ಕಿನ ಆರಂಭಕ್ಕೆ ಸುತ್ತಿ ಬಂದು ಅಲ್ಲಿನ ಸೂಪರ್‌ಬ್ಲಾಕನ್ನೂ (ಫೈಲ್ ಸಿಸ್ಟಮಿನ ಮೂಲ ಮಾಹಿತಿಯನ್ನೂ) ಅಳಿಸಬಹುದು. 1 ಜಿಬಿ ಡಿಸ್ಕ್ ಇಮೇಜಿನಲ್ಲಿ ಈ ಬಗ್ ಕಾಣುವುದೇ ಇಲ್ಲ. ಕನಿಷ್ಠ 8 ಜಿಬಿಯ ಸ್ಪಾರ್ಸ್ (ಬರೆದಷ್ಟೇ ಜಾಗ ಹಿಡಿಯುವ) ಇಮೇಜ್ ಮಾಡಿ, ತುಂಬಿಸಿ ನೋಡಿ.

ಇನ್ನು ಬಫರ್ಡ್ ಐಒ, ಅಂದರೆ ಮೆಮೊರಿಯ ಕ್ಯಾಶ್ ಮೂಲಕದ ಓದು-ಬರಹ. ಇಲ್ಲಿ ಮಾತ್ರ ಓದು, ಬರಹ, ರೈಟ್‌ಬ್ಯಾಕ್ (ಕ್ಯಾಶ್‌ನಿಂದ ಡಿಸ್ಕಿಗೆ ಬರೆಯುವುದು) ಮೂರನ್ನೂ ಒಟ್ಟಿಗೆ ಬದಲಿಸಿ. ಫೋಲಿಯೋದ (ಕ್ಯಾಶ್‌ನ ಮೆಮೊರಿ ಪುಟಗಳ ಗುಂಪು) 'ಪ್ರೈವೇಟ್' ಪಾಯಿಂಟರಿನಲ್ಲಿ ಹಳೇ ಕೋಡ್ ಬಫರ್ ಹೆಡ್ ಇಡುತ್ತದೆ, ಐಒಮ್ಯಾಪ್ ತನ್ನದೇ ಸ್ಟೇಟ್ ಇಡುತ್ತದೆ; ಒಂದು ಇಟ್ಟದ್ದನ್ನು ಇನ್ನೊಂದು ಓದಿದರೆ ಕರ್ನಲ್ ಕುಸಿಯುತ್ತದೆ. ಬ್ಲಾಕ್ ಡಿವೈಸಿನ ಕ್ಯಾಶ್‌ನಲ್ಲಿರುವ ಇನೋಡ್ ಟೇಬಲ್ (ಫೈಲುಗಳ ವಿವರ), ಬಿಟ್‌ಮ್ಯಾಪ್‌ಗಳು (ಯಾವ ಬ್ಲಾಕ್ ಖಾಲಿ ಎಂಬ ಲೆಕ್ಕ) ಬಫರ್ ಹೆಡ್‌ನಲ್ಲೇ ಇರಲಿ, ಅದಕ್ಕೆ ಅವಸರವಿಲ್ಲ.

ಬರಹದಲ್ಲಿ ಹೊಸದಾಗಿ ಅಲೊಕೇಟ್ ಆದ ಬ್ಲಾಕಿಗೆ ಐಒಮ್ಯಾಪ್_ಎಫ್_ನ್ಯೂ ಎಂಬ 'ಹೊಸದು' ಗುರುತು ಹಾಕಲೇಬೇಕು. ಇಲ್ಲದಿದ್ದರೆ ಐಒಮ್ಯಾಪ್ ಬ್ಲಾಕಿನ ಬರೆಯದ ಭಾಗವನ್ನು ಸೊನ್ನೆ ಮಾಡುವ ಬದಲು ಡಿಸ್ಕಿನಿಂದ ಓದಿಕೊಳ್ಳುತ್ತದೆ, ಅಳಿಸಿದ ಇನ್ಯಾರದೋ ಫೈಲಿನ ಚೂರು ಹೊರಗೆ ಬೀಳುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಬರೆದರೆ ಉಳಿದ ಹೊಸ ಬ್ಲಾಕ್‌ಗಳನ್ನು ಕೆಲಸ ಮುಗಿದಾಗ ಓಡುವ ಐಒಮ್ಯಾಪ್_ಎಂಡ್‌ನಲ್ಲಿ ವಾಪಸ್ ಬಿಡಬೇಕು.

ಲಾಕ್ ಕ್ರಮವೂ ಬದಲಾಗುತ್ತದೆ. ಬರಹದಲ್ಲಿ ಗೆಟ್_ಬ್ಲಾಕ್ ಓಡುತ್ತಿದ್ದದ್ದು ಫೋಲಿಯೋ ಲಾಕ್ ಹಿಡಿದ ಮೇಲೆ. ಐಒಮ್ಯಾಪ್_ಬಿಗಿನ್ ಅದಕ್ಕೂ ಮೊದಲೇ ಓಡುತ್ತದೆ. ಮ್ಯಾಪಿಂಗ್ ಕಾಪಾಡಲು ಫೋಲಿಯೋ ಲಾಕನ್ನೇ ನೆಚ್ಚಿಕೊಂಡ ಜಾಗಗಳನ್ನು, ಮುಖ್ಯವಾಗಿ ಟ್ರಂಕೇಟ್ (ಫೈಲ್ ಕತ್ತರಿಸುವ) ಕೋಡನ್ನು, ಸಾಲುಸಾಲಾಗಿ ನೋಡಿ. ಲಾಕ್‌ಡೆಪ್ (ಲಾಕ್ ಕ್ರಮದ ತಪ್ಪು ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿಯೇ ಟೆಸ್ಟ್ ಓಡಿಸಿ. ಎಚ್ಚರಿಕೆ ಬಂದರೆ ಪೂರ್ತಿ ಲಾಗ್ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.