ಮೊದಲು ಮುಷ್ಟಿ, ಆಮೇಲೆ ದೂರದರ್ಶಕ

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿದ್ದೇವೆ. ಆರನೆಯ ತರಗತಿಯ ಮಗಳಿಗೆ ಆಕಾಶದ ಹುಚ್ಚು. ಹುಟ್ಟುಹಬ್ಬಕ್ಕೆ ದೂರದರ್ಶಕ ಕೊಡಿಸಬೇಕೆಂದಿದ್ದೇವೆ. 525 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತಿದೆ. ಕೊಳ್ಳಬಹುದೇ? ಮುಂಬಯಿಯ ಬೆಳಕಿನಲ್ಲಿ ಏನಾದರೂ ಕಂಡೀತೇ?

ಉತ್ತರ: ಕೊಳ್ಳಬೇಡಿ. ದೀಪಾವಳಿಗೆ ಮುಂಚೆ ಒಮ್ಮೆ, ಪರೀಕ್ಷೆಯ ಫಲಿತಾಂಶ ಬಂದ ವಾರ ಇನ್ನೊಮ್ಮೆ ಇದೇ ಪ್ರಶ್ನೆ ಬರುತ್ತದೆ, ನಾನು ಇದೇ ಉತ್ತರ ಬರೆಯುತ್ತೇನೆ. ಆರು ತಿಂಗಳಾದ ಮೇಲೆ ಅದೇ ಮನೆಯಿಂದ ಮತ್ತೊಂದು ಪತ್ರ: ‘ಏನೂ ಕಾಣಿಸಲಿಲ್ಲ, ಮಗುವಿಗೆ ಆಸಕ್ತಿಯೇ ಹೋಯಿತು.’ ಆಸಕ್ತಿಯನ್ನು ಕೊಂದದ್ದು ಆ ಪೆಟ್ಟಿಗೆ. ತಪ್ಪನ್ನು ಮಗುವಿನ ಮೇಲೆ ಹೊರಿಸಬೇಡಿ.

525 ಪಟ್ಟು ಎನ್ನುವುದು ಶುದ್ಧ ಮೋಸ. ಮುಂದಿನ ಮಸೂರ ಎಷ್ಟು ಮಿಲಿಮೀಟರ್ ಅಗಲವಿದೆಯೋ, ಹೆಚ್ಚೆಂದರೆ ಅದರ ಎರಡರಷ್ಟು ಪಟ್ಟು ಉಪಯೋಗಕ್ಕೆ ಬರುತ್ತದೆ. 60 ಮಿ.ಮೀ. ಮಸೂರಕ್ಕೆ 120. ಅದನ್ನು ಮೀರಿದರೆ ದೊಡ್ಡದಾಗುವುದು ಮಸುಕು ಮಾತ್ರ. ಸಾಲದ್ದಕ್ಕೆ ಆ ಕಡ್ಡಿಕಾಲಿನ ಸ್ಟ್ಯಾಂಡು ಉಸಿರು ತಾಕಿದರೂ ನಡುಗುತ್ತದೆ. ಕಷ್ಟಪಟ್ಟು ಗುರುವನ್ನು ಹಿಡಿದರೆ ಭೂಮಿ ತಿರುಗುವ ಕಾರಣ ಒಂದೆರಡು ನಿಮಿಷದಲ್ಲಿ ಅದು ಕಣ್ಣಿಂದ ಜಾರುತ್ತದೆ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ.

ಮೊದಲು ಒಂದು ನೋಟ್‌ಬುಕ್ ಕೊಡಿಸಿ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಗುವಿನ ಕೈ ಚಿಕ್ಕದಾದರೆ ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ಅಮಾವಾಸ್ಯೆ ಕಳೆದ ಮೂರನೆಯ ಸಂಜೆಯಿಂದ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಎದುರಿನ ಕಟ್ಟಡದ ನೀರಿನ ಟ್ಯಾಂಕಿನಿಂದ ಚಂದ್ರ ಎಷ್ಟು ದೂರವಿದ್ದಾನೆಂದು ಅವಳು ಅಳೆದು ಬರೆಯಲಿ. ದಿನಕ್ಕೆ ಒಂದು ಮುಷ್ಟಿ, ಮೇಲೆ ಎರಡು ಬೆರಳಿನಷ್ಟು ಪೂರ್ವಕ್ಕೆ ಸರಿಯುವುದು ವಾರದೊಳಗೆ ಕೈಗೆ ಸಿಗುತ್ತದೆ. ಆಮೇಲೆ ಗೋಡೆಯ ಕ್ಯಾಲೆಂಡರ್ ತೋರಿಸಿ. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಸರಿಯುವ ಕಾಲ, ಬೇರೇನಿಲ್ಲ. ಶುಕ್ಲಪಕ್ಷದ ಚೌತಿಯ ಸಂಜೆ ಸೂರ್ಯ ಮುಳುಗುವಾಗ ಇಬ್ಬರ ನಡುವೆ ಸುಮಾರು ನಾಲ್ಕು ಮುಷ್ಟಿ ಅಂತರ. ಭಾದ್ರಪದದ ಚೌತಿಯಂದೂ ಅಷ್ಟೇ. ಅಂದು ನೋಡಬಾರದೆಂದು ಮಗುವಿನ ಕಣ್ಣು ಮುಚ್ಚುವವರನ್ನು ದಯವಿಟ್ಟು ತಡೆಯಿರಿ. ನೆರೆಮನೆಯವರು ಸಂಕಷ್ಟಿಯ ಉಪವಾಸ ಬಿಡಲು ಚಂದ್ರೋದಯಕ್ಕೆ ಕಾಯುತ್ತಾರಲ್ಲ, ಆಗ ಅವಳೂ ಗಡಿಯಾರ ಹಿಡಿದು ನಿಲ್ಲಲಿ. ಕ್ಯಾಲೆಂಡರಿನ ವೇಳೆಗೂ ಕಟ್ಟಡದ ಮೇಲೆ ಚಂದ್ರ ಕಂಡ ವೇಳೆಗೂ ಎಷ್ಟು ನಿಮಿಷ ವ್ಯತ್ಯಾಸ, ಮರುದಿನ ಇನ್ನೆಷ್ಟು ತಡ ಎಂದು ಬರೆದುಕೊಳ್ಳಲಿ. ಆ ತಡ ಸರಾಸರಿ 50 ನಿಮಿಷ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಯೋಗ. ಮೇ ರಜೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಕೊಂಕಣ ರೈಲಿನಲ್ಲಿ ಊರಿಗೆ ಹೋಗುತ್ತೀರಿ. ಹೊರಡುವ ಮುನ್ನ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಒಂದು ದಾರ, ದಾರದ ತುದಿಗೆ ಒಂದು ಕಲ್ಲು ಕಟ್ಟಿ, ನೇರ ಅಂಚಿಗೆ ರಸ ಹೀರುವ ಕೊಳವೆ ಅಂಟಿಸಿ. ಮೇ ತಿಂಗಳ ರಾತ್ರಿ ಸಪ್ತರ್ಷಿಮಂಡಲ ಉತ್ತರದಲ್ಲಿ ಎತ್ತರಕ್ಕಿರುತ್ತದೆ. ಅದರ ಮೊದಲ ಎರಡು ನಕ್ಷತ್ರ, ಕ್ರತು ಮತ್ತು ಪುಲಹ, ಧ್ರುವದ ಕಡೆ ಬೆರಳು ಮಾಡುತ್ತವೆ. ಕೊಳವೆಯಲ್ಲಿ ಧ್ರುವವನ್ನು ಹಿಡಿದಾಗ ದಾರ ನಿಲ್ಲುವ ಗೆರೆ 90ರಿಂದ ಎಷ್ಟು ಡಿಗ್ರಿ ದೂರವಿದೆಯೋ ಅಷ್ಟೇ ಧ್ರುವದ ಎತ್ತರ. ಡೊಂಬಿವಿಲಿಯಲ್ಲಿ ಅದು ಸುಮಾರು 19 ಡಿಗ್ರಿ, ಮಂಗಳೂರಿನಲ್ಲಿ ಸುಮಾರು 13. ನೀವು ದಕ್ಷಿಣಕ್ಕೆ ಹೋದಂತೆ ಧ್ರುವ ಕೆಳಗಿಳಿದಿದೆ, ಏಕೆಂದರೆ ನೆಲ ಬಾಗಿದೆ. ಎರಡೂರುಗಳ ಉತ್ತರ–ದಕ್ಷಿಣ ಅಂತರವನ್ನು ನಕಾಶೆಯಲ್ಲಿ ಅಳೆಯಿರಿ (ರೈಲಿನ ದಾರಿಯ ಉದ್ದ ಬೇಡ). ಸುಮಾರು 700 ಕಿ.ಮೀ. ಬರುತ್ತದೆ. 6 ಡಿಗ್ರಿಗೆ 700 ಆದರೆ 360 ಡಿಗ್ರಿಗೆ 42,000 ಕಿ.ಮೀ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಅಳತೆ ಒಂದು ಡಿಗ್ರಿ ತಪ್ಪಿ 5 ಬಂದರೆ ಉತ್ತರ 50,000 ದಾಟುತ್ತದೆ, ಆದ್ದರಿಂದ ಎರಡೂ ಊರುಗಳಲ್ಲಿ ನಾಲ್ಕಾರು ರಾತ್ರಿ ಅಳೆದು ಸರಾಸರಿ ತೆಗೆಯಬೇಕು. ಹನ್ನೊಂದು ವರ್ಷದ ಹುಡುಗಿ ದಾರ ಮತ್ತು ಕಲ್ಲಿನಿಂದ ಭೂಮಿಯನ್ನು ಅಳೆದಳೆಂದರೆ, ಆಮೇಲೆ ಅವಳಿಗೆ ಯಾವ ಜಾಹೀರಾತೂ ಮೋಸ ಮಾಡಲಾರದು.

ನಗರದ ಬೆಳಕಿನ ಗೋಳು ಸಾಕು. ಚಂದ್ರ, ಶುಕ್ರ, ಗುರು, ಶನಿಗೆ ಬೀದಿದೀಪ ಅಡ್ಡಿಯಾಗುವುದಿಲ್ಲ. ಆಕಾಶಗಂಗೆ ಬೇಕಾದರೆ ಮಾತ್ರ ಕತ್ತಲೆಗೆ ಹೋಗಬೇಕು. ನಿಮ್ಮೂರಿಂದಲೇ ಕರ್ಜತ್ ಲೋಕಲ್ ಹಿಡಿದರೆ ಬದಲಾಪುರದ ಮುಂದೆ ವಾಂಗಣಿ. ಮುಂಬಯಿಯ ಹವ್ಯಾಸಿಗಳು ಬಹುಕಾಲದಿಂದ ಹೋಗುವ ಜಾಗ. ತಾರಸಿಯ ಬೀಗದ ಕೈಯನ್ನು ಸೊಸೈಟಿಯಿಂದ ನೀವೇ ಕೇಳಿ ಪಡೆಯಿರಿ, ಮಗುವಿನ ಜೊತೆ ನೀವೂ ಇರಿ. ಆಕಾಶ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಡುವ ಮಕ್ಕಳನ್ನು ಕಂಡು ನನ್ನ ಎದೆ ಎಷ್ಟೋ ಸಲ ಝಲ್ಲೆಂದಿದೆ.

ಒಂದು ವರ್ಷ ನೋಟ್‌ಬುಕ್ ತುಂಬಿದರೆ 10x50 ಬೈನಾಕ್ಯುಲರ್ ಕೊಡಿಸಿ. ಮೊಣಕೈಯನ್ನು ಗೋಡೆಗೆ ಊರಿ ಹಿಡಿದರೆ ಗುರುವಿನ ಚಂದ್ರರು, ಕೃತ್ತಿಕೆಯ ಗೊಂಚಲು, ಚಂದ್ರನ ಕುಳಿಗಳು ಕಾಣುತ್ತವೆ. ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಆಸೆ ಇನ್ನೂ ಉಳಿದಿದ್ದರೆ 6 ಇಂಚಿನ ಡಾಬ್ಸೋನಿಯನ್ ದೂರದರ್ಶಕ. ಅಲ್ಲಿಯವರೆಗೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಮಗನಿಗೆ ಸಾಡೇಸಾತಿ ನಡೆಯುತ್ತಿದೆ. ಅವನು ಶನಿಗ್ರಹವನ್ನು ನೋಡಬಹುದೇ?

ಉತ್ತರ: ನೋಡಲೇಬೇಕು. ಉಂಗುರ ಕಂಡ ರಾತ್ರಿ ಭಯ ತಾನಾಗಿ ಇಳಿಯುತ್ತದೆ. ಹರಳು ಮಾರುವವನ ಬಳಿ ಹೋಗಬೇಡಿ.

ಪ್ರಶ್ನೆ: ನಕ್ಷತ್ರಕ್ಕೆ ಮೊಮ್ಮಗಳ ಹೆಸರಿಡುವ ಪ್ರಮಾಣಪತ್ರ ಕೊಳ್ಳಬಹುದೇ?

ಉತ್ತರ: ಯಾವ ಖಗೋಳ ಸಂಸ್ಥೆಯೂ ಆ ಹೆಸರನ್ನು ಒಪ್ಪುವುದಿಲ್ಲ. ದುಡ್ಡು ಉಳಿಸಿ.

ಪ್ರಶ್ನೆ: ಆರಿದ್ರಾ ಮಳೆಯ ಹೊತ್ತಿಗೆ ಆರಿದ್ರಾ ನಕ್ಷತ್ರವನ್ನು ಎಲ್ಲಿ ತೋರಿಸಲಿ?

ಉತ್ತರ: ತೋರಿಸಲಾಗದು, ಆಗ ಅದು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳ ಮಳೆಗೇ ಆ ಹೆಸರು. ಜನವರಿಯ ರಾತ್ರಿ ಎಂಟಕ್ಕೆ ಪೂರ್ವಕ್ಕೆ ನೋಡಿ, ಮಹಾವ್ಯಾಧ ನಕ್ಷತ್ರಪುಂಜದ ಕೆಂಪು ಭುಜವೇ ಅದು.

ಪ್ರಶ್ನೆ: ಗ್ರಹಣವನ್ನು ಹಳೆಯ ಎಕ್ಸ್‌ರೇ ಫಿಲ್ಮ್‌ನಲ್ಲಿ ನೋಡಬಹುದೇ? ನಾವು ಚಿಕ್ಕಂದಿನಲ್ಲಿ ಹಾಗೆಯೇ ನೋಡಿದ್ದೇವೆ.

ಉತ್ತರ: ನಿಮ್ಮ ಕಣ್ಣು ಉಳಿದದ್ದು ಅದೃಷ್ಟ. ಫಿಲ್ಮ್, ಮಸಿ ಹಿಡಿದ ಗಾಜು, ತಂಪು ಕನ್ನಡಕ, ಬಕೆಟ್ ನೀರು, ಯಾವುದೂ ಬೇಡ. ಅಕ್ಷಿಪಟಲ ಸುಡುವಾಗ ನೋವು ಗೊತ್ತಾಗುವುದಿಲ್ಲ. ನೋವಿಲ್ಲವೆಂದು ಮಗು ನೋಡುತ್ತಲೇ ಇರುತ್ತದೆ. ಚಿಕ್ಕ ಕನ್ನಡಿಗೆ ಕಪ್ಪು ಕಾಗದ ಸುತ್ತಿ, ನಡುವೆ ಅರ್ಧ ಸೆಂ.ಮೀ. ತೂತು ಬಿಡಿ. ಬಿಸಿಲಿನಲ್ಲಿಟ್ಟು 10 ಮೀಟರ್ ಆಚೆಯ ಕತ್ತಲೆ ಗೋಡೆಗೆ ಬೆಳಕು ಹಾಯಿಸಿದರೆ 9 ಸೆಂ.ಮೀ. ಅಗಲದ ಸೂರ್ಯ ಮೂಡುತ್ತಾನೆ. ಮಕ್ಕಳೆಲ್ಲ ಗೋಡೆಯ ಕಡೆ ಮುಖ ಮಾಡಿ ಕೂರಲಿ. ಕನ್ನಡಿಯ ಕಡೆ ಯಾರೂ ತಿರುಗದಂತೆ ನೋಡಿಕೊಳ್ಳಲು ದೊಡ್ಡವರೊಬ್ಬರು ಅದರ ಪಕ್ಕದಲ್ಲೇ ಇರಬೇಕು.