ಮೆಣಸಿನ ಎಣ್ಣೇಲಿ ಖಾರನೇ ಇಲ್ಲ, ಮೋಸ ಹೋದ್ನಾ?

ಪ್ರಶ್ನೆ: ಮೇಡಂ, ನಮ್ದು ಶಿರಸಿ ಕಡೆ ಅಡಿಕೆ ತೋಟ, ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಸಿದೀವಿ. ಮೊನ್ನೆ ಒಂದ್ ಅಂಗಡೀಲಿ ಕಾಳುಮೆಣಸಿನ ಎಸೆನ್ಷಿಯಲ್ ಆಯಿಲ್ ತಗೊಂಡೆ. ಪರಿಮಳ ಜೋರಾಗೇ ಇದೆ, ಆದ್ರೆ ನಾಲಿಗೆಗೆ ತಾಗಿಸಿದ್ರೆ ನಮ್ಮ ಕಾಳಿನ ಖಾರ ಇಲ್ವೇ ಇಲ್ಲ. ಕಲಬೆರಕೆನಾ?

ಉತ್ತರ: ಖಾರ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಹಾಗನ್ಕೋಬೇಡಿ. ಮೆಣಸಲ್ಲಿ ಘಮ ಬೇರೆ, ಖಾರ ಬೇರೆ. ಖಾರ ಪೈಪರಿನ್ ಅನ್ನೋ ಪದಾರ್ಥದ್ದು, 1819ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಅದನ್ನ ಕಾಳಿಂದ ಬೇರೆ ಮಾಡಿದ್ರು, ಅದು ಹಬೆ ಜೊತೆ ಏಳೋ ಪದಾರ್ಥ ಅಲ್ಲ. ಎಣ್ಣೆ ತೆಗೆಯೋವಾಗ ತರಿಯಾಗಿ ಪುಡಿ ಮಾಡಿದ ಕಾಳಿನೊಳಗೆ ಹಬೆ ಹಾಯಿಸ್ತಾರೆ, ಆ ಹಬೆ ತಣ್ಣಗಾದ್ಮೇಲೆ ನೀರಿನ ಮೇಲೆ ತೇಲೋದನ್ನ ತೆಗೆದು ಬಾಟಲಿಗೆ ತುಂಬ್ತಾರೆ, ಪೈಪರಿನ್ ಎಲ್ಲ ಕೆಳಗೆ ಚರಟದಲ್ಲೇ ಉಳ್ಕೊಂಡ್ಬಿಡುತ್ತೆ. 100 ಕೆಜಿ ಕಾಳಿಗೆ ಸಿಗೋದು ಸುಮಾರು 2-3 ಕೆಜಿ ಎಣ್ಣೆ ಅಷ್ಟೇ.

ಆ ಎಣ್ಣೇಲಿ ಹೆಚ್ಚಿಗೆ ಇರೋದು ಟರ್ಪೀನ್ ಅನ್ನೋ ಘಮದ ಪದಾರ್ಥಗಳು: ಪೈನ್ ಮರದ ವಾಸನೆಯ ಪೈನೀನ್, ಕಿತ್ತಳೆ ಸಿಪ್ಪೇಲಿರೋ ಲಿಮೊನೀನ್, ಸಾಬಿನೀನ್, ಆಮೇಲೆ ಲವಂಗದಲ್ಲೂ ಸಿಗೋ ಕ್ಯಾರಿಯೊಫಿಲ್ಲೀನ್. ಯಾವ್ದು ಎಷ್ಟು ಅನ್ನೋದು ತಳಿ ಮೇಲೆ, ಊರಿನ ಮೇಲೆ, ಕೊಯ್ಲು ಮಾಡಿದ ಹದದ ಮೇಲೆ ಹೋಗುತ್ತೆ, ನಿಮ್ಮ ಪಣಿಯೂರು ತಳಿಗೂ ಮಲ್ಲಿಗೆಸರ ತಳಿಗೂ ಘಮ ಒಂದೇ ಥರ ಇರಲ್ಲ. ಇವೆಲ್ಲ ಬೇಗ ಹಾರಿಹೋಗೋವು. ಕುಟ್ಟಾಣೀಲಿ ನಾಲ್ಕು ಕಾಳು ಜಜ್ಜಿ ನೋಡಿ, ಮೊದಲು ಮೂಗಿಗೆ ಹೊಡೆಯೋದು ಇದೇ. ಅದೇ ಪುಡಿ ಡಬ್ಬೀಲಿ ಎರಡು ತಿಂಗಳು ಕೂತ್ರೆ ಖಾರ ಹಾಗೇ ಇರುತ್ತೆ, ಘಮ ಹೋಗಿರುತ್ತೆ. ಬೋಳುಕಾಳಲ್ಲೂ (ಬಿಳಿ ಮೆಣಸು) ಹಾಗೇ, ಎಣ್ಣೆ ಜಾಸ್ತಿ ಇರೋ ಸಿಪ್ಪೆನೇ ತೆಗೆದಿರೋದ್ರಿಂದ ಘಮ ಕಮ್ಮಿ, ಖಾರಕ್ಕೇನೂ ಮೋಸ ಇಲ್ಲ.

ಅನುಮಾನ ಹೋಗಿಲ್ಲ ಅಂದ್ರೆ ಬಿಳಿ ಹಾಳೆ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ನೋಡಿ. ಕೊಬ್ಬರಿ ಎಣ್ಣೆ ಚೆಲ್ಲಿದ ಹಾಗೆ ಜಿಡ್ಡಿನ ಕಲೆ ಉಳಿದಿದ್ರೆ ಯಾವ್ದೋ ಅಡುಗೆ ಎಣ್ಣೆ ಬೆರೆಸಿರ್ತಾರೆ. ಪೈನ್ ಮರದ ಅಂಟಿಂದ ತೆಗೆಯೋ ಟರ್ಪೆಂಟೈನ್ ಬೆರೆಸಿದ್ರೆ ಮಾತ್ರ ಹಾಳೇಲಿ ಗೊತ್ತಾಗಲ್ಲ, ಅದೂ ಹಾರಿಹೋಗುತ್ತೆ, ಅದಕ್ಕೆ ಲ್ಯಾಬಲ್ಲಿ ಗ್ಯಾಸ್ ಕ್ರೊಮಟೋಗ್ರಫಿ, ಅಂದ್ರೆ ಎಣ್ಣೇಲಿ ಏನೇನು ಎಷ್ಟೆಷ್ಟಿದೆ ಅಂತ ಬಿಡಿಸಿ ತೋರ್ಸೋ ಪರೀಕ್ಷೆ ಮಾಡಿಸ್ಬೇಕು. ಮತ್ತೆ ನಾಲಿಗೆಗೆ ಮಾತ್ರ ತಾಗಿಸ್ಬೇಡಿ ದಯವಿಟ್ಟು, ಚರ್ಮಕ್ಕೂ ನೇರವಾಗಿ ಹಚ್ಬೇಡಿ, ಅಷ್ಟು ಗಟ್ಟಿ ಎಣ್ಣೆ ಉರಿ ತರುತ್ತೆ. ಖಾರ, ಘಮ ಎರಡೂ ಬೇಕು ಅಂದ್ರೆ ಓಲಿಯೋರೆಸಿನ್ ಅಂತ ಇದೆ, ಅದನ್ನ ದ್ರಾವಕ ಹಾಕಿ ತೆಗೀತಾರೆ, ಹಾಗಾಗಿ ಪೈಪರಿನ್ನೂ ಜೊತೆಗೆ ಬರುತ್ತೆ. ಮಸಾಲೆ, ಚಿಪ್ಸ್ ಫ್ಯಾಕ್ಟರಿಗಳು ಬಳಸೋದು ಅದನ್ನೇ.

ಪ್ರಶ್ನೆ: ವೀಳ್ಯದೆಲೆನೂ ಮೆಣಸಿನ ಜಾತಿ ಅಂತಾರಲ್ಲ, ಹಾಗಾದ್ರೆ ಎಲೆ ಖಾರನೂ ಪೈಪರಿನ್ನಾ?

ಉತ್ತರ: ಜಾತಿ ಅದೇ, ಖಾರ ಮಾತ್ರ ಬೇರೆ. ಎಲೇಲಿ ಚುರುಕು ಇರೋದು ಎಣ್ಣೇಲೇ, ಚವಿಬೆಟಾಲ್, ಯುಜಿನಾಲ್ ಅನ್ನೋ ಫೀನಾಲ್ ಗುಂಪಿನ ಪದಾರ್ಥಗಳಿಂದ. ಯುಜಿನಾಲ್ ಅಂದ್ರೆ ಲವಂಗದ ಎಣ್ಣೇಲಿರೋದೇ, ಎಲೆ ಅಗಿದಾಗ ಲವಂಗದ ನೆನಪಾಗೋದು ಅದಕ್ಕೇ.