“ಏನ್ಲಾ ಮಾಡ್ಕಂಡಿದೀಯ ಈಗ?”

ಹುಡುಗನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಹಾಸನದ ನನ್ನ ಕೌನ್ಸೆಲಿಂಗ್ ಕೋಣೆಗೆ ಅವನನ್ನು ಕರೆತಂದವರು ಅವನ ಅಮ್ಮ. ಬೇಲೂರು ಕಡೆಯ ಹಳ್ಳಿ. ಹುಡುಗನಿಗೆ 20 ವರ್ಷ. ಸೆಕೆಂಡ್ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಫೇಲ್. ಆಮೇಲೆ ಬೆಂಗಳೂರಿನ ಒಂದು ಗೋಡೌನಿನಲ್ಲಿ ಮೂರು ತಿಂಗಳು ಪ್ಯಾಕಿಂಗ್ ಕೆಲಸ ಮಾಡಿದ್ದಾನೆ, ಕೊನೆ ತಿಂಗಳ ಸಂಬಳ ಕೈಗೆ ಬರಲಿಲ್ಲ, ವಾಪಸ್ ಬಂದ. ಅವತ್ತಿನಿಂದ ಒಂದೂವರೆ ವರ್ಷ ಮನೆಯಲ್ಲೇ.

“ರಾತ್ರಿಯೆಲ್ಲ ಮೊಬೈಲು, ಮಧ್ಯಾಹ್ನದವರೆಗೂ ನಿದ್ದೆ. ಮೈಗಳ್ಳ ಆಗ್ಬುಟ್ಟ ಮೇಡಂ.” ನಾನು ಏನು ಕೇಳಿದರೂ ಅಮ್ಮನೇ ಉತ್ತರ ಹೇಳುತ್ತಿದ್ದರು. ಅವನು ತಲೆ ತಗ್ಗಿಸಿ ಬಸ್ ಟಿಕೆಟನ್ನು ಸುರುಳಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಕಾಫಿ ಕುಡಿದು ಬನ್ನಿ ಅಂತ ಅಮ್ಮನನ್ನು ಹೊರಗೆ ಕಳಿಸಿದೆ.

ಕೆಲಸದ ಮಾತು ಎತ್ತಲಿಲ್ಲ. ಮನೆಯಿಂದ ಹೊರಗೆ ಯಾವಾಗ ಬರ್ತೀಯಾ ಅಂತ ಕೇಳಿದೆ.

“ಕತ್ತಲಾದ ಮೇಲೆ. ಹಗಲು ಅರಳಿಕಟ್ಟೆ ದಾಟಕ್ಕಾಗಲ್ಲ ಮೇಡಂ. ಯಾರಾದ್ರೂ ಕೂತಿರ್ತಾರೆ. ಏನ್ಲಾ ಮಾಡ್ಕಂಡಿದೀಯ ಈಗ ಅಂತಾರೆ.”

ಕೇಳುವವರಿಗೆ ಅದು ಊಟ ಆಯ್ತಾ ಅನ್ನುವಷ್ಟೇ ಸಲೀಸು ಮಾತು. ಇವನಿಗೆ ಮಾತ್ರ ದಿನಾ ರಿಸಲ್ಟ್ ಬಂದ ಹಾಗೆ, ದಿನಾ ಫೇಲ್ ಆದ ಹಾಗೆ. ರಾತ್ರಿ ಎಚ್ಚರ ಇರುವುದು, ಹಗಲು ಮಲಗುವುದು ಎರಡೂ ಆ ಕಟ್ಟೆಯಿಂದ ತಪ್ಪಿಸಿಕೊಳ್ಳೋಕೆ. ಇದನ್ನು ಮೈಗಳ್ಳತನ ಅಂದುಬಿಟ್ಟರೆ ಮುಂದೆ ಮಾಡುವುದೆಲ್ಲ ತಪ್ಪಾಗುತ್ತೆ. ಮನೆಯವರು ಬೈತಾರೆ, ಅವನು ಇನ್ನಷ್ಟು ಒಳಗೆ ಸೇರಿಕೊಳ್ತಾನೆ.

ಸಾಯಬೇಕು ಅಂತ ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತೆ ಅಂತ ತುಂಬ ಜನ ಹೆದರುತ್ತಾರೆ, ಹಾಗೆ ಆಗುವುದಿಲ್ಲ. “ಒಂದ್ಸಲ ಅನ್ಸಿತ್ತು, ಈಗಿಲ್ಲ” ಅಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅಲ್ಲೇ ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನ ಒಪ್ಪಿಗೆ ಪಡೆದು ಅಮ್ಮನಿಗೂ ವಿಷಯ ತಿಳಿಸಿದೆ.

ಮಾತು ಸಾಗುತ್ತಾ ಗೊತ್ತಾಗಿದ್ದು, ಅಕ್ಕಪಕ್ಕದ ಮನೆಗಳ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಡ್ತಾನೆ. ಅದೂ ರಾತ್ರಿ. ಅದನ್ನು ಹೇಳುವಾಗ ಮಾತ್ರ ಟಿಕೆಟ್ ಕೈಯಿಂದ ಕೆಳಗಿಟ್ಟ.

ಅವನಿಗೆ ಹೇಳಿದ್ದು ಇಷ್ಟು. ಎಷ್ಟೊತ್ತಿಗಾದರೂ ಮಲಗು, ಆದರೆ ಎಂಟಕ್ಕೆ ಏಳು. ದಿನಕ್ಕೊಂದು ಸಲ ಬೆಳಕಿರುವಾಗ ಮನೆಯಿಂದ ಹೊರಡು, ಮೊದಲ ವಾರ ಹಾಲಿನ ಡೈರಿವರೆಗೆ ಹೋದರೆ ಸಾಕು. ಪಿಯುಸಿ ಫೇಲ್ ಆಗಿದ್ದರೂ ಎಸ್ಸೆಸ್ಸೆಲ್ಸಿ ಪಾಸು ಎಲ್ಲೂ ಹೋಗಿಲ್ಲ, ಅದರ ಮೇಲೆ ಐಟಿಐ ಎಲೆಕ್ಟ್ರಿಷಿಯನ್ ಸೇರಬಹುದು, 2 ವರ್ಷದ ಕೋರ್ಸು. ಉಳಿದ ಎರಡು ಸಬ್ಜೆಕ್ಟ್ ಮಾತ್ರ ಕಟ್ಟಿ ಬರೆಯಬಹುದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಐಟಿಐ ಅಡ್ಮಿಷನ್‌ವರೆಗೆ ಸುಮ್ನೆ ಕೂರೋದು ಬೇಡ ಅನ್ನಿಸಿದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯವು. ಕೆಲವೇ ವಾರಗಳ ತರಬೇತಿ, ಊಟ ವಸತಿ ಎಲ್ಲ ಉಚಿತ.

ಕೆಲಸ ಸಿಗದವರಿಗೆ ಸರ್ಕಾರ ಭತ್ಯೆ ಕೊಡುವ ಯುವನಿಧಿ ಯೋಜನೆ ಬಗ್ಗೆ ಅಮ್ಮ ಕೇಳಿದರು. ಅದು ಡಿಗ್ರಿ, ಡಿಪ್ಲೊಮಾ ಪಾಸಾದವರಿಗೆ, ಇವನಿಗೆ ಬರಲ್ಲ. ಬೇಜಾರಾದರು. ನನಗೂ ಬೇಜಾರೇ. ಓದು ಅರ್ಧಕ್ಕೆ ನಿಂತ ಮಕ್ಕಳಿಗೇ ಕೈ ಹಿಡಿಯುವವರು ಜಾಸ್ತಿ ಬೇಕು, ಅಲ್ವಾ?

ಅಮ್ಮನಿಗೆ ಹೇಳಿದ್ದು ಒಂದೇ: ಒಂದು ತಿಂಗಳು ಕೆಲಸದ ಮಾತು ಬೇಡ, ಅಣ್ಣನ ಮಗನ ಹೋಲಿಕೆಯಂತೂ ಬೇಡವೇ ಬೇಡ. ಎದ್ದಾಗ ತಿಂಡಿ ಕೊಡಿ, ಜೊತೆಗೆ ಕೂತು ತಿನ್ನಿ.

ಆಮೇಲೆ ನಾನೂ ಹುಡುಗನೂ ಕೂತು ಕಟ್ಟೆಯ ಪ್ರಶ್ನೆಗೆ ಉತ್ತರ ತಯಾರು ಮಾಡಿದೆವು. ನಾನು ಕಟ್ಟೆ ಮೇಲಿನ ಮಾವ ಆದೆ. ಮೊದಲ ಎರಡು ಸಲ ಅವನಿಗೆ ಮಾತೇ ಬರಲಿಲ್ಲ. ಸುಳ್ಳು ಹೇಳಬಾರದು ಅನ್ನುವುದು ಅವನದೇ ಷರತ್ತು. ಹಾಗಾಗಿ ಉತ್ತರ ಹೇಳೋಕೆ ಮುಂಚೆ ಏನಾದರೂ ಶುರು ಮಾಡಲೇಬೇಕಿತ್ತು. ಊರಿನಲ್ಲಿ ಮೋಟರ್ ವೈಂಡಿಂಗ್ ಮಾಡುವವರ ಹತ್ತಿರ ದಿನಕ್ಕೆ ಎರಡು ಗಂಟೆ ಹೋಗೋಕೆ ಒಪ್ಪಿದ.

ಐದನೇ ಸಲ ಬಂದಾಗ ಒಬ್ಬನೇ ಬಂದಿದ್ದ, ಬೆಳಗಿನ ಬಸ್ಸಿಗೆ. “ಕೇಳಿದ್ರು ಮೇಡಂ. ವೈಂಡಿಂಗ್ ಕಲೀತಿದೀನಿ ಮಾವ ಅಂದೆ. ಹೌದೇನ್ಲಾ ಅಂದು ಸುಮ್ನಾದ್ರು. ಅಷ್ಟೇ.” ಅಷ್ಟೇ ಅಂತ ಎರಡು ಸಲ ಹೇಳಿದ.

ಮ್ಯಾಥ್ಸ್ ಪುಸ್ತಕ ಇನ್ನೂ ತೆಗೆದಿಲ್ಲ. ಶುಂಠಿ ಬೆಳೆದು ಕೈಸುಟ್ಟುಕೊಂಡ ಅಪ್ಪ ಈಗಲೂ ಮಗನ ಜೊತೆ ನೇರವಾಗಿ ಮಾತಾಡಲ್ಲ, ಏನಿದ್ದರೂ ಅಮ್ಮನ ಮೂಲಕ. ಬರುವ ಶನಿವಾರ ಅಪ್ಪನನ್ನೂ ಬರೋಕೆ ಹೇಳಿದ್ದೇನೆ.